ವಾಲಿ ಕೇಳಿದ, ರಾಮ ಉತ್ತರ ಕೊಡಲಿಲ್ಲ: ಒಂದು ತಾಳಮದ್ದಳೆ ರೆಕಾರ್ಡಿಂಗ್‌ನ ಪ್ರಕರಣ

ರೆಕಾರ್ಡಿಂಗ್ ಕಳಿಸಿ ಎರಡು ದಿನ ಆಗಿತ್ತು. ಪರಿಚಯದವರೊಬ್ಬರು ಫೋನ್ ಮಾಡಿದರು.

"ಪ್ರಸಂಗ ಚೆನ್ನಾಗಿದೆ ಮಾರಾಯ್ರೆ. ಆದ್ರೆ ವಾಲಿ ಅಷ್ಟೊತ್ತು ಪ್ರಶ್ನೆ ಹಾಕ್ತಾನೆ, ರಾಮ ಬಾಯೇ ಬಿಡೋದಿಲ್ಲ ಅಲ್ವಾ? ಎಲ್ಲೋ ಹಿತ್ತಲಲ್ಲಿ ನಿಂತು ಗೊಣಗಿದ ಹಾಗೆ ಕೇಳ್ತದೆ."

ನನಗೆ ತಲೆಬುಡ ಗೊತ್ತಾಗಲಿಲ್ಲ. ರಾಮನ ಮಾತು ಹೇಳುವ ಅರ್ಥಧಾರಿ ಅವತ್ತು ಮುಕ್ಕಾಲು ಗಂಟೆ ಮಾತಾಡಿದ್ದರು. ಫೈಲ್ ತೆರೆದು ನೋಡಿದೆ, ಮಾತೆಲ್ಲ ಇದೆ. ಆಮೇಲೆ ಏನೋ ಹೊಳೆದು ಕೇಳಿದೆ: ಇಯರ್‌ಫೋನ್ ಎರಡೂ ಕಿವಿಗೆ ಹಾಕಿದ್ರಾ?

"ಇಲ್ಲಪ್ಪ, ಎಡಗಡೆದು ಹಾಳಾಗಿ ಆರು ತಿಂಗಳಾಯ್ತು. ಬಲದ್ದು ಮಾತ್ರ."

ಅಲ್ಲಿಗೆ ಗುಟ್ಟು ರಟ್ಟಾಯಿತು. ರಾಮನನ್ನು ನಾನು ಪೂರ್ತಿ ಎಡಕ್ಕೆ ಕೂರಿಸಿದ್ದೆ, ವಾಲಿಯನ್ನು ಪೂರ್ತಿ ಬಲಕ್ಕೆ. ಅವರ ಬಲಗಿವಿಗೆ ಬಿದ್ದದ್ದು ವಾಲಿಯ ಮೈಕ್‌ಗೆ ನುಸುಳಿದ ರಾಮ ಮಾತ್ರ.

ಆ ಫೋನ್ ಬಂದ ಮೇಲೆ ಅವತ್ತಿನ ಎಂಟೂ ಟ್ರ್ಯಾಕ್‌ಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದೆ. ರಾಮ ಕಾಣೆಯಾದದ್ದು ಸಣ್ಣ ತಪ್ಪು. ಹತ್ತು ನಿಮಿಷದಲ್ಲಿ ಸರಿಯಾಯಿತು. ಸರಿಮಾಡಲು ಆಗದ ತಪ್ಪುಗಳು ಬೇರೆ ಇದ್ದವು. ಅವುಗಳ ಬಗ್ಗೆ ಯಾರೂ ಫೋನ್ ಮಾಡಲಿಲ್ಲ.

ಹಾಲ್, ಮಳೆ, ಎಂಟು ಮೈಕ್

ಮಳೆಗಾಲದಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ಇರುವುದಿಲ್ಲ. ಆಗ ಕರಾವಳಿಯಲ್ಲಿ ತಾಳಮದ್ದಳೆ ಜಾಸ್ತಿ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಮಾತಾಡುತ್ತಾರೆ. ನೋಡಲಿಕ್ಕೆ ಹೆಚ್ಚೇನೂ ಇಲ್ಲ, ಇರುವುದೆಲ್ಲ ಕೇಳಲಿಕ್ಕೆ. ರೆಕಾರ್ಡಿಂಗ್ ಮಾಡುವವನಿಗೆ ಹಬ್ಬ ಅನ್ನಬೇಕು. ತಲೆನೋವೂ ಅದೇ. ಬಾಣ ತಾಗಿ ಬಿದ್ದ ವಾಲಿ ಉಸಿರು ಕಟ್ಟಿ ಪಿಸುಗುಟ್ಟುತ್ತಾನೆ. ಅವನ ಬೆನ್ನ ಹಿಂದೆ ಎರಡೇ ಮೀಟರ್ ದೂರದಲ್ಲಿ ಚಂಡೆ ಇರುತ್ತದೆ.

ಕುಂದಾಪುರದ ಕಡೆಯ ಒಂದು ದೇವಸ್ಥಾನದ ಹಾಲ್. ಜುಲೈ ತಿಂಗಳು. ಮೇಲೆ ಶೀಟ್ ಮಾಡು. ಮಳೆ ಹೊಯ್ದರೆ ಹೇಗಿರುತ್ತದೆ ಅಂತ ಕರಾವಳಿಯವರಿಗೆ ಹೇಳಬೇಕಾಗಿಲ್ಲ.

ನನ್ನ ಹತ್ತಿರ ಇದ್ದದ್ದು ಕೈಚೀಲದಲ್ಲಿ ಹಿಡಿಯುವ ಡಿಜಿಟಲ್ ಮಲ್ಟಿಟ್ರ್ಯಾಕ್ ರೆಕಾರ್ಡರ್. ಒಟ್ಟಿಗೆ ಎಂಟು ಇನ್‌ಪುಟ್ ತೆಗೆದುಕೊಳ್ಳುತ್ತದೆ, ಒಂದೊಂದಕ್ಕೂ ಬೇರೆ ಬೇರೆ ಫೈಲ್, ಅಂದರೆ ಟ್ರ್ಯಾಕ್, ಮಾಡುತ್ತದೆ. ಪ್ರತಿ ಇನ್‌ಪುಟ್‌ಗೆ ಮೇಲೊಂದು ಗೇನ್ ನಾಬ್, ಒಳಗೆ ಬರುವ ಸದ್ದನ್ನು ಏರಿಸಲು ಇಳಿಸಲು. ಅದರ ಪಕ್ಕ ಸಾಸಿವೆ ಕಾಳಿನಷ್ಟು ಕೆಂಪು ದೀಪ, ಸದ್ದು ಮಿತಿ ಮೀರಿದರೆ ಹತ್ತುತ್ತದೆ. ಕೆಳಗೆ ಜಾರುವ ಫೇಡರ್. ಸದ್ದನ್ನು ಎಡಕ್ಕೋ ಬಲಕ್ಕೋ ಕೂರಿಸುವ ಪ್ಯಾನ್ ಮಾತ್ರ ಮೆನು ಒಳಗೆ, ಸಣ್ಣ ಸ್ಕ್ರೀನಿನಲ್ಲಿ.

ಟ್ರ್ಯಾಕ್ ಹಂಚಿದ್ದು ಹೀಗೆ. ಒಂದರಲ್ಲಿ ಭಾಗವತರು, ಎರಡರಲ್ಲಿ ಮದ್ದಳೆ, ಮೂರರಲ್ಲಿ ಚಂಡೆ. ನಾಲ್ಕು ರಾಮ, ಐದು ವಾಲಿ. ಆರರಲ್ಲಿ ಸುಗ್ರೀವ ಮತ್ತು ತಾರೆಗೆ ಸೇರಿ ಒಂದು ಮೈಕ್. ಏಳು ಮತ್ತು ಎಂಟರಲ್ಲಿ ವೇದಿಕೆಯ ಎದುರು ಒಂದೇ ಸ್ಟ್ಯಾಂಡಿಗೆ ಕಟ್ಟಿದ ಎರಡು ಕಂಡೆನ್ಸರ್ ಮೈಕ್. ಎರಡರ ನಡುವೆ 17 ಸೆಂಟಿಮೀಟರ್, ಮುಖಗಳ ನಡುವೆ 110 ಡಿಗ್ರಿ ಕೋನ. ಫ್ರೆಂಚ್ ರೇಡಿಯೋದವರು ಬಳಕೆಗೆ ತಂದ ಅಳತೆ ಇದು, ಓಆರ್‌ಟಿಎಫ್ ಅಂತಾರೆ. ನಮ್ಮ ಎರಡು ಕಿವಿಗಳ ಅಂತರಕ್ಕೆ ಹತ್ತಿರ ಹತ್ತಿರ ಇರುವುದರಿಂದ ಕೂತು ಕೇಳಿದ ಹಾಗೇ ಬರುತ್ತದೆ.

ಭಾಗವತರಿಗೆ ಮಾತ್ರ ನನ್ನ ಮೈಕ್ ಇಡಲು ಜಾಗ ಇರಲಿಲ್ಲ. ಮೈಕ್ ಸೆಟ್‌ನವರ ಮಿಕ್ಸರ್‌ನಲ್ಲಿ ಅವರ ಚಾನೆಲ್‌ನಿಂದಲೇ ಒಂದು ವೈರ್ ಎಳೆದುಕೊಂಡೆ. ಅದನ್ನು ಮೈಕ್ ಸಾಕೆಟ್‌ಗೆ ಹಾಕದೆ ಲೈನ್ ಜ್ಯಾಕ್‌ಗೆ ಹಾಕಿದೆ. ಅವತ್ತು ನಾನು ಸರಿಯಾಗಿ ಮಾಡಿದ ಕೆಲವೇ ಕೆಲಸಗಳಲ್ಲಿ ಅದೂ ಒಂದು. ಮಿಕ್ಸರ್‌ನಿಂದ ಬರುವ ಲೈನ್ ಮೈಕ್‌ಗಿಂತ ನೂರಾರು ಪಟ್ಟು ಜೋರು. ಮೈಕ್ ಸಾಕೆಟ್‌ಗೆ ತುರುಕಿದರೆ ಗೇನ್ ಸೊನ್ನೆಯಲ್ಲಿದ್ದರೂ ಸದ್ದು ಹರಿದು ಕರ್ಕಶವಾಗುತ್ತದೆ.

ಒಂದು ಗಂಟೆ ಎಲ್ಲಿ ಹೋಯಿತು

ಸಂಜೆ ಆರಕ್ಕೆ ವೈರಿಂಗ್ ಮುಗಿಯಿತು. ಏಳಕ್ಕೆ ಪ್ರಸಂಗ. ಕೈಯಲ್ಲಿ ಪೂರ್ತಿ ಒಂದು ಗಂಟೆ ಇತ್ತು.

ಲೆವೆಲ್ ನೋಡಲು ನಾನು ಕೊಟ್ಟದ್ದು ಹೆಚ್ಚೆಂದರೆ ಹದಿನೈದು ನಿಮಿಷ. ಅರ್ಥಧಾರಿಗಳು ಒಬ್ಬೊಬ್ಬರಾಗಿ ಬಂದು "ಹಲೋ, ಹಲೋ, ಕೇಳ್ತದಾ?" ಅಂದರು. ವಾಲಿಯ ಅರ್ಥ ಹೇಳುವವರು ಕವಳ ಜಗಿಯುತ್ತಲೇ "ಸಾಕಾ?" ಅಂದರು. ಚಂಡೆಯವರು ಬಂದದ್ದು ಆರೂವರೆ ದಾಟಿದ ಮೇಲೆ. ಶ್ರುತಿ ನೋಡಿಕೊಂಡು ಎರಡು ಪೆಟ್ಟು ಹಾಕಿದರು, ಎದ್ದು ಚಹಾಕ್ಕೆ ಹೋದರು. ಆ ಎರಡು ಪೆಟ್ಟು ಮೈನಸ್ 8ರ ಹತ್ತಿರ ಬರುವಂತೆ ಗೇನ್ ಇಟ್ಟೆ. ಯಂತ್ರ ಬರೆಯಬಲ್ಲ ಅತಿ ಜೋರಿನ ಸದ್ದು ಸೊನ್ನೆ. ಮೈನಸ್ 8 ಅಂದರೆ ಸೊನ್ನೆಗೆ ಇನ್ನೂ 8 ಡೆಸಿಬಲ್ ಜಾಗ ಇದೆ. ಬೇಕಾದಷ್ಟಾಯಿತು ಅಂದುಕೊಂಡೆ.

ಉಳಿದ ಹೊತ್ತೆಲ್ಲ ಪ್ಯಾನ್‌ಗೆ ಹೋಯಿತು. ಹೆಡ್‌ಫೋನ್ ಹಾಕಿಕೊಂಡು ಮೆನು ಒಳಗೆ ಕೂತೆ. ರಾಮ ಎಡ 100, ವಾಲಿ ಬಲ 100. ಸುಗ್ರೀವ ಎಡ 50. ಮದ್ದಳೆ ಸ್ವಲ್ಪ ಬಲಕ್ಕೆ, ಚಂಡೆ ಇನ್ನಷ್ಟು ಎಡಕ್ಕೆ. ಯಾರೋ ಕೆಮ್ಮಿದರೆ ಬಲಗಿವಿಯಲ್ಲಿ, ಯಾರೋ ನಕ್ಕರೆ ಎಡಗಿವಿಯಲ್ಲಿ. ಕಣ್ಣು ಮುಚ್ಚಿದರೆ ವೇದಿಕೆ ಪೂರ್ತಿ ತಲೆಯೊಳಗೇ ಬಂದು ಕೂತ ಹಾಗಿತ್ತು. ಹೇಳಿ ಪ್ರಯೋಜನ ಇಲ್ಲ, ಅಷ್ಟು ಖುಷಿ.

ಎಡವಟ್ಟು ಶುರುವಾದದ್ದು ಇಲ್ಲೇ. ನನ್ನ ರೆಕಾರ್ಡರ್‌ನಲ್ಲಿ ಪ್ಯಾನ್ ಅನ್ನುವುದು ಟ್ರ್ಯಾಕ್ ಒಳಗೆ ದಾಖಲಾಗುವುದೇ ಇಲ್ಲ. ಪ್ರತಿ ಟ್ರ್ಯಾಕ್ ಎಡ ಬಲ ಇಲ್ಲದ ಒಂದು ಮೋನೋ ಫೈಲ್. ಅದು ಎಡದಲ್ಲಿ ಕೇಳಬೇಕೋ ಬಲದಲ್ಲೋ ಎಂಬುದು ಹೆಡ್‌ಫೋನ್‌ಗೆ ಮತ್ತು ಕೊನೆಯ ಸ್ಟೀರಿಯೋ ಮಿಕ್ಸ್‌ಗೆ ಮಾತ್ರ ಅನ್ವಯ. ಮನೆಗೆ ಬಂದು ಮರುದಿನ ಬದಲಿಸಬಹುದು, ಮುಂದಿನ ವರ್ಷವೂ ಬದಲಿಸಬಹುದು. ಫೇಡರ್ ಕೂಡ ಹಾಗೇ. ಗೇನ್ ಹಾಗಲ್ಲ. ಮೈಕ್‌ನಿಂದ ಬಂದ ವಿದ್ಯುತ್ತು ಅಂಕಿಯಾಗಿ ಬದಲಾಗುವ ಮೊದಲು ಗೇನ್ ನಾಬ್ ದಾಟಿ ಬರುತ್ತದೆ. ಅಲ್ಲಿ ಕೆಟ್ಟರೆ ಕೆಟ್ಟಿತು. ನಾಳೆಗೂ ಸಿಗುವ ಕೆಲಸಕ್ಕೆ ನಲವತ್ತೈದು ನಿಮಿಷ ಕೊಟ್ಟೆ, ಆ ಸಂಜೆ ಮಾತ್ರ ಸಿಗುವ ಕೆಲಸಕ್ಕೆ ಹದಿನೈದು.

ಕೆಂಪು ದೀಪ

ಏಳು ಗಂಟೆಗೆ ಸರಿಯಾಗಿ ಶುರುವಾಯಿತು. ಎರಡನೇ ಪದ್ಯಕ್ಕೇ ಚಂಡೆಯವರು ಕೈ ಬಿಚ್ಚಿದರು. ಆ ಉರುಳಿಕೆ ಕೇಳಿದವರಿಗೆ ಗೊತ್ತು, ಅದು ಎರಡು ಪೆಟ್ಟಿನ ಲೆಕ್ಕದ್ದಲ್ಲ. ಮೂರನೇ ಇನ್‌ಪುಟ್‌ನ ದೀಪ ಕೆಂಪಾಯಿತು. ಆರಿತು. ಮತ್ತೆ ಹತ್ತಿತು. ಆಮೇಲೆ ಆರಲೇ ಇಲ್ಲ.

ನಾನು ಮಾಡಿದ್ದೇನು? ಫೇಡರ್ ಎಳೆದೆ. ಹೆಡ್‌ಫೋನ್‌ನಲ್ಲಿ ಚಂಡೆ ತಗ್ಗಿತು. ಸಮಾಧಾನ ಆಯಿತು. ದೀಪ ಮಾತ್ರ ಹತ್ತುತ್ತಲೇ ಇತ್ತು. ಇನ್ನೂ ಎಳೆದೆ, ಇನ್ನೂ ತಗ್ಗಿತು, ದೀಪ ಹಾಗೇ. ದೀಪ ಹಾಳಾಗಿದೆಯೋ ಏನೋ ಅಂತ ಅನುಮಾನ ಬಂತು. ಈ ಯಂತ್ರ ಮೂರು ವರ್ಷದಿಂದ ನನ್ನ ಹತ್ತಿರ ಇದೆ. ಫೇಡರ್ ಇರುವುದು ಕೇಳುವುದಕ್ಕೆ, ರೆಕಾರ್ಡ್ ಆಗುವ ಲೆವೆಲ್‌ಗೆ ಅದು ಕೈ ಹಾಕುವುದಿಲ್ಲ ಎನ್ನುವುದು ಗೊತ್ತಿದ್ದ ವಿಷಯವೇ. ಗಾಬರಿಯಲ್ಲಿ ಕೈ ಸಿಕ್ಕಿದ್ದನ್ನು ಎಳೆಯಿತು, ಅಷ್ಟೇ.

ಇಪ್ಪತ್ತೆರಡನೇ ನಿಮಿಷಕ್ಕೆ ಬುದ್ಧಿ ಬಂತು. ಚಂಡೆಯ ಗೇನ್ ತಗ್ಗಿಸಿದೆ. ಅಲ್ಲಿಗೆ ಬಿಡಬೇಕಿತ್ತು. ಒಮ್ಮೆ ಹೆದರಿದವನು ಸುಮ್ನೆ ಕೂರುತ್ತಾನಾ? ರಾಮ, ವಾಲಿ, ಸುಗ್ರೀವ, ಮೂರೂ ಮೈಕ್‌ಗಳ ಗೇನನ್ನೂ ಸರ್ರನೆ ತಿರುಗಿಸಿ ಇಳಿಸಿದೆ. ಆಗ ರಾಮನ ಅರ್ಥಧಾರಿ ಒಂದು ವಾಕ್ಯದ ನಡುವೆ ಇದ್ದರು.

ಕೆಂಪು ಮುಟ್ಟುವ ಹಾಗೆ ಲೆವೆಲ್ ಇಡುವ ಚಾಳಿ ನನಗೆ ಎಲ್ಲಿಂದ ಬಂತು ಅಂತ ಆಮೇಲೆ ಯೋಚಿಸಿದೆ. ಕ್ಯಾಸೆಟ್ ಕಾಲದಲ್ಲಿ ರೆಕಾರ್ಡಿಂಗ್ ಮಾಡಿದ ಹಿರಿಯರ ಹತ್ತಿರ ನಾನು ಮೊದಲ ಪಾಠ ಕಲಿತದ್ದು. 1979ರಲ್ಲಿ ಟೀಯಾಕ್ ಕಂಪನಿ ಪೋರ್ಟಾಸ್ಟುಡಿಯೋ 144 ಅಂತ ಒಂದು ಯಂತ್ರ ತಂದಿತು. ಸಾಮಾನ್ಯ ಕ್ಯಾಸೆಟ್‌ನಲ್ಲಿ ನಾಲ್ಕು ಟ್ರ್ಯಾಕ್. ಮನೆಯಲ್ಲಿ ಕೂತು ಮಲ್ಟಿಟ್ರ್ಯಾಕ್ ಮಾಡುವುದು ಸಾಮಾನ್ಯರ ಕೈಗೆ ಸಿಕ್ಕಿದ್ದು ಅಂಥ ಯಂತ್ರಗಳಿಂದ. ಟೇಪ್‌ಗೆ ಅದರದ್ದೇ ಸರ್ರೆನ್ನುವ ಸದ್ದು ಇರುತ್ತದೆ. ಲೆವೆಲ್ ತಗ್ಗಿಸಿದರೆ ಆ ಸದ್ದಿನಲ್ಲಿ ಹಾಡು ಮುಳುಗುತ್ತದೆ. ಅದಕ್ಕೇ ಸೂಜಿ ಕೆಂಪು ಮುಟ್ಟಬೇಕು ಅನ್ನುತ್ತಿದ್ದರು. ಮುಟ್ಟಿದರೂ ಟೇಪ್ ಮೆಲ್ಲಗೆ ಒತ್ತುತ್ತದೆ, ತಟ್ಟನೆ ಕತ್ತರಿಸುವುದಿಲ್ಲ. ಕೆಲವರಿಗೆ ಆ ಒತ್ತು ಕೇಳಲು ಇಷ್ಟ ಕೂಡ.

ಡಿಜಿಟಲ್‌ನಲ್ಲಿ ಸೊನ್ನೆ ಅಂದರೆ ಹಳೇ ಮನೆಯ ಬಾಗಿಲ ಮೇಲಿನ ಮರದ ತೊಲೆ. ಬಗ್ಗದೆ ಹೋದರೆ ಹಣೆ ಒಡೆಯುತ್ತದೆ, ಬಾಗಿಲೇನೂ ಮೇಲೆ ಸರಿಯುವುದಿಲ್ಲ. ಅಲ್ಲಿಂದ ಮೇಲೆ ಬರೆಯಲು ಅಂಕಿಯೇ ಇಲ್ಲ. ಅಲೆಯ ತಲೆ ಚಪ್ಪಟೆಯಾಗುತ್ತದೆ. ಕೆಳಗಡೆ ಮಾತ್ರ ಜಾಗ ಧಾರಾಳ. ಒಂದು ಬಿಟ್‌ಗೆ ಸುಮಾರು 6 ಡೆಸಿಬಲ್ ಲೆಕ್ಕ. 16 ಬಿಟ್‌ಗೆ 96, 24 ಬಿಟ್‌ಗೆ 144. ನಿಜವಾದ ಯಂತ್ರದಲ್ಲಿ ಪೂರ್ತಿ 144 ಸಿಗುವುದಿಲ್ಲ, ಆದರೆ ಶೀಟ್ ಮಾಡಿನ ಹಾಲ್‌ಗೆ ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ ಸಿಗುತ್ತದೆ. ಯುರೋಪಿನ ಪ್ರಸಾರದವರು ಮೈನಸ್ 18ನ್ನು ಸಾಮಾನ್ಯ ಲೆವೆಲ್ ಅಂತ ಇಟ್ಟುಕೊಂಡದ್ದು ಸುಮ್ನೆ ಅಲ್ಲ. ಮೇಲಿನ 18 ಡೆಸಿಬಲ್ ಖಾಲಿ ಬಿಟ್ಟರೂ ಕೆಳಗೆ ಕಳೆದುಕೊಳ್ಳುವುದು ಏನೂ ಇಲ್ಲ.

ಮನೆಯಲ್ಲಿ ಬಿಚ್ಚಿ ನೋಡಿದಾಗ

ಫೋನ್ ಬಂದ ರಾತ್ರಿ ಫೈಲ್‌ಗಳನ್ನೆಲ್ಲ ಕಂಪ್ಯೂಟರ್‌ಗೆ ಹಾಕಿ ಆಡಾಸಿಟಿ ಅನ್ನುವ ಎಡಿಟಿಂಗ್ ತಂತ್ರಾಂಶದಲ್ಲಿ ತೆರೆದೆ.

ಮೊದಲು ಚಂಡೆ. ಅಲೆಯನ್ನು ದೊಡ್ಡದು ಮಾಡಿ ನೋಡಿದರೆ ಪೆಟ್ಟಿನ ತುದಿ ಬೆಟ್ಟದ ಹಾಗೆ ಚೂಪಾಗಿರಬೇಕು. ನನ್ನದು ಮೇಜಿನ ಹಾಗೆ ಮಟ್ಟಸ. ಸದ್ದನ್ನು ಅಳೆದು ಬರೆದ ಒಂದೊಂದು ಅಂಕಿಯೂ ಒಂದು ಸ್ಯಾಂಪಲ್. ಒಂದೊಂದು ಪೆಟ್ಟಿನಲ್ಲೂ ಇಪ್ಪತ್ತು ಮೂವತ್ತು ಸ್ಯಾಂಪಲ್ ಸಾಲಾಗಿ ಸೊನ್ನೆಗೆ ಅಂಟಿಕೊಂಡಿವೆ. ಕ್ಲಿಪ್ ಆದದ್ದನ್ನು, ಅಂದರೆ ಹೀಗೆ ತಲೆ ಕತ್ತರಿಸಿಹೋದದ್ದನ್ನು, ಸರಿಮಾಡುವ ಎಫೆಕ್ಟ್ ಇದೆ, ಓಡಿಸಿದೆ. ಅಲ್ಲೊಂದು ಇಲ್ಲೊಂದು ಸ್ಯಾಂಪಲ್ ಹೋಗಿದ್ದರೆ ಅಕ್ಕಪಕ್ಕ ನೋಡಿ ಊಹಿಸಿ ತುಂಬುತ್ತದೆ. ಪೆಟ್ಟಿನ ಮುಖವೇ ಹಾರಿಹೋಗಿದ್ದರೆ ಏನನ್ನು ನೋಡಿ ತುಂಬೀತು? ಡಾಲ್ಡಾ ಡಬ್ಬಿ ಬಡಿದ ಹಾಗೆ ಬಂತು.

ಕೊನೆಗೆ ಮೊದಲ ಇಪ್ಪತ್ತೆರಡು ನಿಮಿಷ ಚಂಡೆಯ ಟ್ರ್ಯಾಕನ್ನೇ ಮುಚ್ಚಿಬಿಟ್ಟೆ. ಚಂಡೆ ಹಾಗೇನೂ ಮಾಯವಾಗಲಿಲ್ಲ. ಅದು ಯಾವ ಮೈಕ್‌ನಲ್ಲಿ ಇಲ್ಲ ಹೇಳಿ? ಮದ್ದಳೆಯ ಮೈಕ್‌ನಲ್ಲಿ ಇದೆ, ಎದುರಿನ ಜೋಡಿಯಲ್ಲಿ ಇದೆ, ರಾಮನ ಮೈಕ್‌ನಲ್ಲೂ ಇದೆ. ಜೋಡಿಯನ್ನು 4 ಡೆಸಿಬಲ್ ಏರಿಸಿದೆ. ಸ್ವಲ್ಪ ದೂರದಿಂದ ಬಂದ ಹಾಗೆ ಕೇಳಿತು, ಆದರೆ ಹರಿದಿಲ್ಲ.

ಎರಡನೆಯದು ಭಾಗವತರ ಟ್ರ್ಯಾಕ್. ಇದು ನನ್ನನ್ನು ಒಂದು ಗಂಟೆ ಆಟ ಆಡಿಸಿತು. ಏರುಪದ್ಯದಲ್ಲಿ ಅವರು ಮೇಲಿನ ಷಡ್ಜ ಹಿಡಿದಾಗೆಲ್ಲ ಧ್ವನಿ ಕರಕಲಾಗಿ ಕೇಳುತ್ತಿತ್ತು. ಆದರೆ ನನ್ನ ದೀಪ ಒಮ್ಮೆಯೂ ಹತ್ತಿರಲಿಲ್ಲ. ಮೀಟರ್ ನೋಡಿದರೆ ಅತಿ ಹೆಚ್ಚು ಅಂದರೆ ಮೈನಸ್ 11. ಲೆಕ್ಕದ ಪ್ರಕಾರ ಇನ್ನೂ 11 ಡೆಸಿಬಲ್ ಜಾಗ ಇದೆ. ಹಾಗಾದರೆ ಹರಿದದ್ದು ಎಲ್ಲಿ?

ಅಲೆಯನ್ನು ಹತ್ತಿರದಿಂದ ನೋಡಿದಾಗ ಸಿಕ್ಕಿತು. ತಲೆಗಳು ಇಲ್ಲೂ ಮಟ್ಟಸ, ಆದರೆ ಸೊನ್ನೆಯಲ್ಲಿ ಅಲ್ಲ, ಮೈನಸ್ 11ರಲ್ಲಿ. ಎಲ್ಲವೂ ಅದೇ ಎತ್ತರದಲ್ಲಿ, ಯಾರೋ ಸ್ಕೇಲ್ ಇಟ್ಟು ಕತ್ತರಿಸಿದ ಹಾಗೆ. ನನ್ನ ಯಂತ್ರ ಕತ್ತರಿಸುವುದಿದ್ದರೆ ಸೊನ್ನೆಯಲ್ಲೇ ಕತ್ತರಿಸಬೇಕಿತ್ತು. ಅದಕ್ಕಿಂತ ಕೆಳಗೆ ಚಪ್ಪಟೆ ಇದೆ ಅಂದರೆ ನನ್ನಲ್ಲಿಗೆ ಬರುವ ಮೊದಲೇ ಕತ್ತರಿ ಬಿದ್ದಿದೆ. ಮೈಕ್ ಸೆಟ್‌ನವರ ಮಿಕ್ಸರ್‌ನಲ್ಲಿ ಭಾಗವತರ ಚಾನೆಲ್‌ನ ಗೇನ್ ಜಾಸ್ತಿ ಇತ್ತು. ಸಭೆಗೆ ಗದ್ದಲದಲ್ಲಿ ಅದು ಗೊತ್ತಾಗಿರಲಿಲ್ಲ. ನಾನು ಹರಿದ ಬಟ್ಟೆಯನ್ನು ಚೆನ್ನಾಗಿ ಮಡಚಿ ಮನೆಗೆ ತಂದಿದ್ದೆ. ಅವರನ್ನು ದೂರಿ ಏನು ಫಲ? ಅವರ ಕೆಲಸ ಹಿಂದಿನ ಸಾಲಿಗೆ ಕೇಳಿಸುವುದು, ಅದನ್ನು ಅವರು ಮಾಡಿದ್ದರು. ಪಕ್ಕದಲ್ಲೇ ಇದ್ದ ಅವರ ಮಿಕ್ಸರಿನ ಕೆಂಪು ದೀಪವನ್ನು ನಾನು ಬಗ್ಗಿ ನೋಡಬಹುದಿತ್ತು.

ನಾಲ್ಕು ಪದ್ಯಗಳಲ್ಲಿ ಈ ಹರಕು ಇದೆ. ಎರಡಕ್ಕೆ ಕ್ಲಿಪ್ ತೆಗೆಯುವ ಎಫೆಕ್ಟ್ ಸ್ವಲ್ಪ ಕೆಲಸ ಮಾಡಿತು. ಇನ್ನೆರಡು ಹಾಗೇ ಉಳಿದವು.

ಮಳೆಯಿಂದ ಅಳೆದದ್ದು

ಮೂರನೆಯದು ವಾಲಿ. ಬಾಣ ತಾಗಿದ ಮೇಲಿನ ಮಾತು ಇಡೀ ಪ್ರಸಂಗದ ಜೀವ. ಅರ್ಥಧಾರಿ ಅಲ್ಲಿ ಧ್ವನಿಯನ್ನು ಎಷ್ಟು ಇಳಿಸಿದರೆಂದರೆ ಹಾಲ್‌ನಲ್ಲಿ ಜನ ಮುಂದಕ್ಕೆ ಬಾಗಿ ಕೂತರು. ನನ್ನ ಟ್ರ್ಯಾಕ್‌ನಲ್ಲಿ ಅದು ಮೈನಸ್ 37ರಲ್ಲಿ ತೆವಳುತ್ತಿತ್ತು. ಮಳೆಯ ಸದ್ದು ಮೈನಸ್ 47. ಏರಿಸಿದರೆ ಮಳೆಯೂ ಏರುತ್ತದೆ. ಹೆದರಿ ಗೇನ್ ಇಳಿಸಿದ್ದಕ್ಕೆ ಹೀಗಾಯಿತು ಅಂತ ನನ್ನನ್ನೇ ಚೆನ್ನಾಗಿ ಬೈದುಕೊಂಡೆ.

ಬೈದದ್ದು ತಪ್ಪು ನಾಬ್ ಅನ್ನು. ಗೇನ್ ಇಳಿಸುವ ಮೊದಲಿನ ಭಾಗ ನೋಡಿದೆ. ಅಲ್ಲಿ ಮಳೆ ಮೈನಸ್ 34, ವಾಲಿಯ ಸಾಮಾನ್ಯ ಮಾತು ಮೈನಸ್ 12. ಅಂತರ 22. ಇಳಿಸಿದ ಮೇಲೆ ಮಳೆ ಮೈನಸ್ 47, ಅದೇ ಸಾಮಾನ್ಯ ಮಾತು ಮೈನಸ್ 25. ಅಂತರ ಮತ್ತೆ 22. ಗೇನ್ ನಾಬ್‌ಗೆ ವಾಲಿ ಯಾರು ಮಳೆ ಯಾವುದು ಅಂತ ಗೊತ್ತಿಲ್ಲ, ಎರಡನ್ನೂ ಒಟ್ಟಿಗೆ ಇಳಿಸುತ್ತದೆ, ಒಟ್ಟಿಗೆ ಏರಿಸುತ್ತದೆ. ರೆಕಾರ್ಡರ್‌ನ ಸ್ವಂತ ಸದ್ದು ಮಳೆಗಿಂತ ತುಂಬಾ ಕೆಳಗೆ, ಲೆಕ್ಕಕ್ಕೇ ಬರುವುದಿಲ್ಲ. ಅಂದರೆ ತಗ್ಗು ಗೇನ್‌ನಿಂದ ನಾನು ಕಳೆದುಕೊಂಡದ್ದು ಏನೂ ಇರಲಿಲ್ಲ. ಮಳೆ ಮತ್ತು ವಾಲಿಯ ನಡುವಿನ ಅಂತರ ತೀರ್ಮಾನವಾದದ್ದು ಮೈಕ್ ಎಷ್ಟು ದೂರ ಇತ್ತು ಎಂಬುದರಿಂದ. ಮೇಜಿನ ಮೈಕ್ ಬಾಯಿಂದ ಸುಮಾರು 45 ಸೆಂಟಿಮೀಟರ್ ದೂರ ಇತ್ತು. ಅರ್ಧ ದೂರಕ್ಕೆ ತಂದಿದ್ದರೆ ವಾಲಿ 6 ಡೆಸಿಬಲ್ ಮೇಲೆ ಬರುತ್ತಿದ್ದ, ಮಳೆ ಅಲ್ಲೇ ಇರುತ್ತಿತ್ತು. ಮೈಕ್ ಸ್ಟ್ಯಾಂಡ್ ಒಂದು ಗೇಣು ಮುಂದೆ ತಳ್ಳುವ ಕೆಲಸ.

ಗೇನ್ ಇಳಿಸಿದ್ದರಿಂದ ಆದ ನಿಜವಾದ ತೊಂದರೆ ಬೇರೆ. ಅದನ್ನು ಪ್ರಸಂಗದ ನಡುವೆ ಮಾಡಿದ್ದು. ಇಪ್ಪತ್ತೆರಡನೇ ನಿಮಿಷಕ್ಕೆ ರಾಮ ಮಾತಾಡುತ್ತಾ ಮಾತಾಡುತ್ತಾ ಬಾವಿಗೆ ಇಳಿದ ಹಾಗೆ ಕೇಳುತ್ತದೆ. ಅಲ್ಲಿಂದ ಮುಂದಿನದ್ದನ್ನು ಮತ್ತೆ ಅದೇ ಎತ್ತರಕ್ಕೆ ತರಬೇಕು. ಎಷ್ಟು? ನಾಬ್‌ನ ಮೇಲೆ ಬರೆದ ಗೆರೆಗಳನ್ನು ನಂಬುವ ಹಾಗಿಲ್ಲ, ಅವತ್ತು ಎಷ್ಟು ತಿರುಗಿಸಿದೆ ಅಂತ ನೆನಪೂ ಇಲ್ಲ.

ಇಲ್ಲಿ ಮಳೆಯೇ ಸಹಾಯಕ್ಕೆ ಬಂತು. ಶೀಟಿನ ಮೇಲಿನ ಮಳೆ ಅಷ್ಟು ಹೊತ್ತು ಒಂದೇ ಸಮ ಹೊಯ್ಯುತ್ತಿತ್ತು. ರಾಮ ಉಸಿರು ತೆಗೆದುಕೊಳ್ಳುವ ಸಂದುಗಳಲ್ಲಿ ಮಳೆ ಮಾತ್ರ ಇರುತ್ತದೆ. ನಾಬ್ ತಿರುಗುವ ಮೊದಲಿನ ಒಂದು ಸಂದು, ತಿರುಗಿದ ಮೇಲಿನ ಒಂದು ಸಂದು, ಎರಡನ್ನೂ ಅಳೆದೆ. ರಾಮನ ಟ್ರ್ಯಾಕ್‌ನಲ್ಲಿ ವ್ಯತ್ಯಾಸ 11.6 ಡೆಸಿಬಲ್. ವಾಲಿಯದ್ದರಲ್ಲಿ 13. ಸುಗ್ರೀವನದ್ದು 9 ಚಿಲ್ಲರೆ. ಒಂದೇ ಕೈ, ಒಂದೇ ಗಾಬರಿ, ಮೂರು ಲೆಕ್ಕ. ಅಷ್ಟಷ್ಟು ಏರಿಸಿದೆ. ನಾಬ್ ತಿರುಗಿದ ಆ ಒಂದೂವರೆ ಸೆಕೆಂಡಿಗೆ ಕೈಯಿಂದ ಗೆರೆ ಎಳೆದು ಇಳಿಜಾರನ್ನು ಮಟ್ಟ ಮಾಡಿದೆ. ಈಗ ಅಲ್ಲಿ ಏನೋ ಆಗಿತ್ತು ಅಂತ ನನಗೂ ಹುಡುಕಿದರೆ ಮಾತ್ರ ಗೊತ್ತಾಗುತ್ತದೆ.

ರಾಮನನ್ನು ಎಲ್ಲಿ ಕೂರಿಸುವುದು

ಪ್ಯಾನ್ ಕಡೆಗೆ ಬಂದದ್ದು ಇದೆಲ್ಲ ಮುಗಿದ ಮೇಲೆ. ಅದಕ್ಕೆ ಸರಿಯಾದ ಜಾಗವೂ ಅದೇ.

ಎರಡು ಸ್ಪೀಕರ್ ಇಟ್ಟು ಕೇಳಿದರೆ ಪೂರ್ತಿ ಎಡಕ್ಕಿಟ್ಟ ರಾಮ ಬಲಗಿವಿಗೂ ತಲುಪುತ್ತಾನೆ, ಗಾಳಿ ಇದೆಯಲ್ಲ. ಇಯರ್‌ಫೋನ್‌ನಲ್ಲಿ ಹಾಗಿಲ್ಲ. ಎಡ ಅಂದರೆ ಎಡ ಮಾತ್ರ. ನಮ್ಮಲ್ಲಿ ತಾಳಮದ್ದಳೆ ಕೇಳುವವರು ಹೇಗೆ ಕೇಳುತ್ತಾರೆ? ಬಸ್ಸಿನಲ್ಲಿ ಒಂದು ಕಿವಿಗೆ ವೈರ್ ಸಿಕ್ಕಿಸಿಕೊಂಡು, ಇನ್ನೊಂದು ಕಿವಿ ಕಂಡಕ್ಟರ್‌ಗೆ ಬಿಟ್ಟು. ಅಡಿಕೆ ಸುಲಿಯುವಾಗ ಫೋನನ್ನು ಬುಟ್ಟಿಯ ಪಕ್ಕ ಒರಗಿಸಿಟ್ಟು. ಸ್ಟುಡಿಯೋದಲ್ಲಿ ಎರಡು ಸ್ಪೀಕರ್‌ಗಳ ನಡುವೆ ಕೂತು ಕೇಳುವವರು ನನ್ನ ಪರಿಚಯದಲ್ಲಿ ಇಬ್ಬರಿದ್ದಾರೆ. ಅದರಲ್ಲಿ ಒಬ್ಬ ನಾನು.

ರಾಮನನ್ನು ಎಡ 25ಕ್ಕೆ ತಂದೆ, ವಾಲಿಯನ್ನು ಬಲ 25ಕ್ಕೆ. ನಡುವಿನಲ್ಲಿ 3 ಡೆಸಿಬಲ್ ತಗ್ಗಿಸುವ ಪ್ಯಾನ್ ನಿಯಮದಲ್ಲಿ, 25ರಷ್ಟು ಸರಿಸಿದರೆ ದೂರದ ಕಿವಿಗೆ ಸುಮಾರು 3.5 ಡೆಸಿಬಲ್ ಕಡಿಮೆ ಬರುತ್ತದೆ. ಯಾರು ಯಾವ ಕಡೆ ಕೂತಿದ್ದಾರೆ ಅಂತ ಗೊತ್ತಾಗಲು ಅಷ್ಟು ಸಾಕು, ಒಂದೇ ಕಿವಿಯವರಿಗೆ ಒಂದಕ್ಷರವೂ ತಪ್ಪುವುದಿಲ್ಲ. 40 ಇಟ್ಟು ನೋಡಿದೆ, ವ್ಯತ್ಯಾಸ 6 ಆಗುತ್ತದೆ, ಆಗಲೇ ಬಸ್ಸಿನ ಗದ್ದಲದಲ್ಲಿ ರಾಮ ಜಾರುತ್ತಾನೆ. ಭಾಗವತರು ನಟ್ಟ ನಡುವೆ. ಅವರನ್ನು ಅಲುಗಿಸುವ ಧೈರ್ಯ ಯಾರಿಗಿದೆ? ಚಂಡೆ, ಮದ್ದಳೆಗಳನ್ನು ನಾನು ಇಷ್ಟ ಬಂದಲ್ಲಿ ಇಡಲಿಲ್ಲ. ಎದುರಿನ ಜೋಡಿ ಮೈಕ್‌ನಲ್ಲಿ ಅವು ಎಲ್ಲಿ ಕೇಳುತ್ತವೋ ಅಲ್ಲೇ ಇಟ್ಟೆ. ಜೋಡಿ ಒಂದು ಕಡೆ ತೋರಿಸಿ, ಹತ್ತಿರದ ಮೈಕ್ ಇನ್ನೊಂದು ಕಡೆ ತೋರಿಸಿದರೆ ಚಂಡೆ ಎರಡಾಗುತ್ತದೆ.

ನನ್ನ ಮೊದಲ ಮಿಕ್ಸ್‌ನಲ್ಲಿ ಅದೂ ಆಗಿತ್ತು. ಜೊತೆಗೆ ಇನ್ನೊಂದು. ಚಂಡೆಯ ಪೆಟ್ಟು ಹತ್ತಿರದ ಮೈಕ್‌ಗೆ ಬಿದ್ದು, ಆಮೇಲೆ ಜೋಡಿಗೆ ತಲುಪುತ್ತದೆ. ಫೈಲ್‌ನಲ್ಲಿ ಎರಡು ಪೆಟ್ಟುಗಳ ಮುಖ ಹುಡುಕಿ ನಡುವಿನ ಸ್ಯಾಂಪಲ್ ಎಣಿಸಿದೆ: 560. ಸೆಕೆಂಡಿಗೆ 44,100 ಸ್ಯಾಂಪಲ್ ಲೆಕ್ಕದಲ್ಲಿ 12.7 ಮಿಲಿಸೆಕೆಂಡ್. ಸದ್ದು ಸೆಕೆಂಡಿಗೆ ಸುಮಾರು 345 ಮೀಟರ್ ಹೋಗುತ್ತದೆ, ಅಂದರೆ ದೂರ 4.4 ಮೀಟರ್. ಮುಂದಿನ ಸಲ ಆ ಹಾಲ್‌ಗೆ ಹೋದಾಗ ಟೇಪ್ ಹಿಡಿದು ನೋಡಿದೆ, ಹದಿನಾಲ್ಕೂವರೆ ಅಡಿ. ಕೂತಲ್ಲೇ ಅಳೆದ ಹಾಗಾಯಿತು! ಚಂಡೆಯ ಟ್ರ್ಯಾಕನ್ನು ಅಷ್ಟು ಸ್ಯಾಂಪಲ್ ತಡವಾಗುವಂತೆ ಸರಿಸಿದೆ. ಪೆಟ್ಟಿಗೆ ಮತ್ತೆ ಒಂದೇ ಮುಖ ಬಂತು.

ಉಳಿದದ್ದು ಬರೀ ತಾಳ್ಮೆ. ರಾಮ ಮಾತಾಡುವಾಗ ವಾಲಿಯ ಮೈಕ್ 10 ಡೆಸಿಬಲ್ ಇಳಿಸುವುದು, ವಾಲಿ ಬಾಯಿ ತೆರೆಯುವ ಮೊದಲು ಏರಿಸುವುದು. ಪೂರ್ತಿ ಮುಚ್ಚಿದರೆ ಮಳೆ ತುಂಡಾಗುತ್ತದೆ, ಅದಕ್ಕೇ 10. ಎಲ್ಲ ಆದ ಮೇಲೆ ಮೋನೋ ಮಾಡಿ ಫೋನ್ ಸ್ಪೀಕರ್‌ನಲ್ಲಿ ಅಡುಗೆಮನೆಯಲ್ಲಿ ಹಾಕಿ ಕೇಳಿದೆ. ಮೋನೋದಲ್ಲಿ ಬದಿಯಲ್ಲಿ ಇದ್ದವರು ನಡುವಿನವರಿಗಿಂತ ಸ್ವಲ್ಪ ತಗ್ಗುತ್ತಾರೆ. ಪೂರ್ತಿ ಬದಿಗಿದ್ದರೆ 3 ಡೆಸಿಬಲ್, 25ಕ್ಕೆ ಅದು ಗೊತ್ತೇ ಆಗುವುದಿಲ್ಲ.

ಎರಡನೇ ಸಲ

ಅದೇ ಮಳೆಗಾಲದಲ್ಲಿ ಅದೇ ಹಾಲ್‌ನಲ್ಲಿ ಮತ್ತೊಂದು ಕರೆ ಬಂತು. ಈ ಸಲ ಕೃಷ್ಣ ಸಂಧಾನಕ್ಕೆ ಹೋಗುವ ಕಥೆ. ಚಂಡೆಯವರು ಹಿಂದಿನವರೇ.

ಪ್ಯಾನ್ ಮೆನು ತೆರೆಯಲೇ ಇಲ್ಲ. ಏಳು ಎಂಟನ್ನು ಎಡ ಬಲಕ್ಕೆ ಇಟ್ಟೆ, ಉಳಿದದ್ದೆಲ್ಲ ನಡುವಲ್ಲಿ. ಒಂದು ಗಂಟೆ ಪೂರ್ತಿ ಗೇನ್ ಮತ್ತು ಮೈಕ್‌ನ ದೂರಕ್ಕೆ ಕೊಟ್ಟೆ. ಭಾಗವತರಿಗೆ ನನ್ನದೇ ಡೈನಾಮಿಕ್ ಮೈಕ್, ಮೈಕ್ ಸೆಟ್‌ನವರ ಮೈಕ್ ಜೊತೆ ಇನ್ಸುಲೇಷನ್ ಟೇಪ್‌ನಲ್ಲಿ ಸುತ್ತಿದೆ. ಅರ್ಥಧಾರಿಗಳಿಗೆ ಹಲೋ ಬೇಡ, ಕೌರವನ ಸಿಟ್ಟಿನ ಮಾತು ಒಂದು ಹೇಳಿ ಅಂದೆ. ಹಲೋಗೂ ಆ ಮಾತಿಗೂ 14 ಡೆಸಿಬಲ್ ವ್ಯತ್ಯಾಸ ಬಂತು. ಮೊದಲ ಸಲ ನಾನು ಅಳೆದದ್ದು ಅವರ ಸೌಜನ್ಯವನ್ನು ಮಾತ್ರ.

ಚಂಡೆಯವರಿಗೆ ಏರುಪದ್ಯದ್ದೇ ಬಾರಿಸಿ ಅಂದಾಗ ನಕ್ಕರು. "ಈಗ್ಲೇ ಬಾರಿಸಿದ್ರೆ ರಾತ್ರಿಗೆ ಎಂತ ಉಳೀತದೆ?" ಆದರೂ ಅರ್ಧ ನಿಮಿಷ ಬಾರಿಸಿದರು. ಅದನ್ನು ಮೈನಸ್ 16ಕ್ಕೆ ನಿಲ್ಲಿಸಿದೆ. ನೋಡಲು ತೀರಾ ಕಡಿಮೆ ಅನಿಸಿತು, ಸ್ವಲ್ಪ ಏರಿಸೋಣ ಅಂತ ಕೈ ತುರಿಸಿತು. ಬಿಟ್ಟೆ. ರಾತ್ರಿ ಒಂಬತ್ತೂವರೆಗೆ ಅವರು ನಿಜಕ್ಕೂ ಬಾರಿಸಿದಾಗ ಅದು ಮೈನಸ್ 7 ಮುಟ್ಟಿತು. ಕಲಾವಿದ ಸಂಜೆ ಆರಕ್ಕೆ ಎಷ್ಟೇ ಜೋರು ಬಾರಿಸಿದರೂ ಸಭೆ ತುಂಬಿದ ಮೇಲೆ ಇನ್ನೊಂದು 9 ಡೆಸಿಬಲ್ ಅವರ ಕೈಯಲ್ಲಿ ಇರುತ್ತದೆ.

ಶುರುವಾಗುವ ಐದು ನಿಮಿಷ ಮೊದಲು ಎಂಟೂ ಗೇನ್ ನಾಬ್‌ಗಳ ಮೇಲೆ ಅಡ್ಡಕ್ಕೆ ಟೇಪ್ ಅಂಟಿಸಿದೆ, ನನ್ನ ಕೈಗೆ ಹೆದರಿ. ಕಾರ್ಡ್ 32 ಜಿಬಿ. 24 ಬಿಟ್‌ನಲ್ಲಿ ಎಂಟು ಟ್ರ್ಯಾಕ್ ಗಂಟೆಗೆ 3.8 ಜಿಬಿ ತಿನ್ನುತ್ತದೆ, ಸಂಧಾನ ಎಷ್ಟು ಎಳೆದರೂ ಸಾಲುತ್ತದೆ. ಒಂದು ಅನಾಹುತ ಆಯಿತು. ಕೌರವನ ಅರ್ಥಧಾರಿ ಮೇಜು ಗುದ್ದಿದರು, ಮೈಕ್ ಮೇಜಿನ ಮೇಲೇ ಇತ್ತು. ದೀಪ ಒಂದು ಸಲ ಮಿನುಗಿತು. ಅದನ್ನು ಹಾಗೇ ಬಿಟ್ಟಿದ್ದೇನೆ, ಕೌರವ ಗುದ್ದಿದರೆ ಅಷ್ಟಾದರೂ ಆಗಬೇಡವಾ?

ವಾಲಿಯ ಪ್ರಸಂಗದ ಹೊಸ ಮಿಕ್ಸ್ ಕೂಡ ಆ ವಾರವೇ ಮುಗಿದಿತ್ತು. ಫೋನ್ ಮಾಡಿದವರಿಗೆ ಕಳಿಸಿದೆ, ಒಂದು ಹೆಬ್ಬೆಟ್ಟಿನ ಚಿತ್ರ ಬಂತು. ಭಾಗವತರಿಗೂ ಒಂದು ಪ್ರತಿ ಪೆನ್ ಡ್ರೈವ್‌ನಲ್ಲಿ ಕೊಟ್ಟೆ. ಹರಿದ ಆ ಎರಡು ಪದ್ಯಗಳ ಬಗ್ಗೆ ಏನು ಹೇಳುತ್ತಾರೋ ಅಂತ ಎದೆ ಡವಗುಟ್ಟುತ್ತಿತ್ತು. ಹದಿನೈದು ದಿನ ಬಿಟ್ಟು ಪೇಟೆಯಲ್ಲಿ ಸಿಕ್ಕರು. ಕೇಳಿದೆ ಅಂದರು, ವಾಲಿಯ ಮಾತು ಚೆನ್ನಾಗಿ ಬಂದಿದೆ ಅಂದರು. ತಮ್ಮ ಪದ್ಯದ ಸುದ್ದಿ ಎತ್ತಲಿಲ್ಲ. ಹೊರಡುವಾಗ ಮಾತ್ರ ತಿರುಗಿ ನಿಂತು ಕೇಳಿದರು:

"ಅಲ್ಲ, ಶುರುವಿನ ಇಪ್ಪತ್ತು ನಿಮಿಷ ಚಂಡೆಯವರು ಎಲ್ಲಿದ್ರು? ಹೊರಗೆ ಚಹಾ ಕುಡೀತಾ ಬಾರಿಸಿದ್ರಾ?"